ಬೆಂಗಳೂರಿನ ಅಂಚಿನ ಹೊಲಗಳು ಹೋದರೆ ನಮ್ಮ ತಟ್ಟೆಗೆ ಏನಾಗುತ್ತೆ?

(ಈ ವಾರದ ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಈ ಸಲ ಬೇರೆ ವಿಷಯ ಮಾತಾಡಬೇಕು ಅಂತ ತಯಾರಿ ಮಾಡ್ಕೊಂಡಿದ್ದೆ. ಆದರೆ ಹೋದ ವಾರ ಊರಿಂದ ಅಣ್ಣ ಫೋನ್ ಮಾಡಿದ. ಅದಾದ ಮೇಲೆ ಬೇರೆ ಯಾವುದೂ ತಲೆಗೆ ಹತ್ತಲಿಲ್ಲ.

"ನೋಡಪ್ಪ, ಒಂದು ಪಾರ್ಟಿ ಬಂದೈತೆ. ಒಳ್ಳೇ ರೇಟು ಹೇಳ್ತಾವ್ರೆ. ಜಂಟಿ ಖಾತೆ ಅಲ್ವಾ, ನಿನ್ನ ರುಜು ಬೇಕು. ಭಾನುವಾರ ಬಂದು ಹೋಗು" ಅಂದ.

ನಮ್ಮದು ದೇವನಹಳ್ಳಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. ಅಪ್ಪನ ಕಾಲಕ್ಕೆ 3 ಎಕರೆ 20 ಗುಂಟೆ ಇತ್ತು. 2007ರಲ್ಲಿ, ಅಂದರೆ ವಿಮಾನ ನಿಲ್ದಾಣ ಶುರುವಾಗೋದಕ್ಕೆ ಹಿಂದಿನ ವರ್ಷ, ಅದರಲ್ಲಿ 2 ಎಕರೆ 10 ಗುಂಟೆ ಲೇಔಟ್‌ಗೆ ಹೋಯಿತು. ಯಾರೂ ಬಲವಂತ ಮಾಡಲಿಲ್ಲ. ಅಪ್ಪನೇ ಮಾರಿದ್ದು. ಆ ದುಡ್ಡಲ್ಲಿ ಅಕ್ಕನ ಮದುವೆ ಆಯಿತು, ಹೆಂಚಿನ ಮನೆ ಹೋಗಿ ಆರ್‌ಸಿಸಿ ಬಂತು, ನನ್ನ ಇಂಜಿನಿಯರಿಂಗ್ ಫೀಸೂ ಕಟ್ಟಿದ್ದಾಯಿತು. ಹಾಗಾಗಿ ಇವತ್ತು ನಾನು ಆಡೋ ಮಾತನ್ನ ಯಾರೋ ಹೊರಗಿನವನು ರೈತರಿಗೆ ಹೇಳೋ ಬುದ್ಧಿಮಾತು ಅಂತ ತಗೋಬೇಡಿ. ಆ ಹೊಲ ತಿಂದು ಬೆಳೆದವನು ನಾನು. ಈಗ ಉಳಿದಿರೋದು 1 ಎಕರೆ 10 ಗುಂಟೆ. ಫೋನ್ ಬಂದಿರೋದು ಅದಕ್ಕೇ.

ಹೊಲ ಹೋದರೆ ಆಹಾರ ಭದ್ರತೆಗೆ ಏನಾಗುತ್ತೆ ಅನ್ನೋ ಪ್ರಶ್ನೆಯನ್ನ ನಾವು ಸಾಮಾನ್ಯವಾಗಿ ದೇಶದ ಲೆಕ್ಕದಲ್ಲೇ ಕೇಳ್ತೀವಿ. ಎಷ್ಟು ಕೋಟಿ ಟನ್, ಎಷ್ಟು ಕೋಟಿ ಹೆಕ್ಟೇರ್ ಅಂತ. ನಾನು ಇವತ್ತು ಒಂದು ಎಕರೆಯ ಲೆಕ್ಕದಿಂದ ಶುರು ಮಾಡ್ತೀನಿ. ದೊಡ್ಡ ಲೆಕ್ಕಕ್ಕೆ ಆಮೇಲೆ ಬರೋಣ.

ಹಗೇವು ಇದ್ದ ಕಾಲ

ನಮ್ಮ ಅಜ್ಜಿ ಒಂದು ಮಾತು ಹೇಳೋಳು. ಬರ ಬಂದ ವರ್ಷ ಊರಲ್ಲಿ ಯಾರ ಮನೆ ದೊಡ್ಡದು ಅಂತ ನೋಡ್ತಿರಲಿಲ್ಲವಂತೆ, ಯಾರ ಹಗೇವು ತುಂಬಿದೆ ಅಂತ ನೋಡ್ತಿದ್ದರಂತೆ. ಹಗೇವು ಅಂದರೆ ಗೊತ್ತಲ್ಲ? ಗೊತ್ತಿಲ್ಲದವರಿಗೆ ಹೇಳ್ತೀನಿ. ನೆಲದೊಳಗೆ ಆಳವಾಗಿ ತೋಡಿದ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಣಗಿದ ರಾಗಿಯನ್ನ ಅದರೊಳಗೆ ತುಂಬಿ, ಮೇಲೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ಬಿಡ್ತಿದ್ದರು. ತೆಗೆಯುವಾಗ ಕೂಡಲೇ ಒಳಗೆ ಇಳಿಯೋ ಹಾಗಿಲ್ಲ, ಕೆಟ್ಟ ಗಾಳಿ ಕಟ್ಟಿರುತ್ತೆ. ಬಾಯಿ ತೆರೆದು ಬಿಟ್ಟು, ಆಮೇಲೆ ದೀಪ ಇಳಿಸಿ, ಅದು ಆರದೆ ಉರಿದರೆ ಮಾತ್ರ ಆಳು ಇಳೀತಿದ್ದ.

ರಾಗಿಯ ಗುಣವೇ ಅದು. ಕಾಳು ಸಣ್ಣದು, ಹುಳ ಸುಲಭಕ್ಕೆ ಹತ್ತಲ್ಲ. ಸರಿಯಾಗಿ ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಕೆಡಲ್ಲ. ಮಳೆಯನ್ನೇ ನಂಬಿರೋ, ವರ್ಷವಿಡೀ ಹರಿಯೋ ನದಿ ಇಲ್ಲದ ಬೆಂಗಳೂರು ಗ್ರಾಮಾಂತರ, ಕೋಲಾರ, ತುಮಕೂರಿನ ಕಡೆ ಜನ ರಾಗಿಯನ್ನ ಹಿಡಿದುಕೊಂಡಿದ್ದು ಬರೀ ರುಚಿಗಲ್ಲ. ಒಂದು ವರ್ಷ ಕೈಕೊಟ್ಟರೆ ಹಿಂದಿನ ವರ್ಷದ ರಾಗಿ ಕಾಪಾಡ್ತಿತ್ತು. ಇವತ್ತಿಗೂ ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯೋದು ಕರ್ನಾಟಕದಲ್ಲೇ.

ನಮ್ಮ ಮನೆಯ ಹಗೇವು ಎಲ್ಲಿತ್ತು ಅಂತ ಅಮ್ಮನಿಗೆ ಇನ್ನೂ ನೆನಪಿದೆ. ಈಗ ಅದರ ಮೇಲೆ ಅಣ್ಣನ ಕಾರು ನಿಲ್ಲುತ್ತೆ. ಅಮ್ಮ ತಿಂಗಳಿಗೊಮ್ಮೆ ಅಂಗಡಿಯಿಂದ ರಾಗಿ ತರಿಸ್ತಾಳೆ, 5 ಕೆಜಿ ಪ್ಯಾಕೆಟ್. "ಬೆಳೆದೋರು ಕೊಂಡು ತಿನ್ನೋ ಕಾಲ ಬಂತು ಕಣಪ್ಪ" ಅಂತ ನಗ್ತಾಳೆ. ನಗೋ ಮಾತಲ್ಲ ಅದು.

ಒಂದು ಎಕರೆಯಲ್ಲಿ ಏನೇನಿತ್ತು?

ಈಗ ಲೆಕ್ಕಕ್ಕೆ ಬರೋಣ. ಮಳೆಯನ್ನೇ ನೆಚ್ಚಿದ ಹೊಲದಲ್ಲಿ, ಮಳೆ ಚೆನ್ನಾಗಿ ಆದ ವರ್ಷ, ಎಕರೆಗೆ 8 ಕ್ವಿಂಟಲ್ ರಾಗಿ ಅಂತ ಇಟ್ಕೊಳ್ಳಿ. ಕೆಲವರು 10 ಅಂತಾರೆ, ಕೆಲವರಿಗೆ 6 ಬಂದರೇ ಹೆಚ್ಚು. ಒಬ್ಬ ಮನುಷ್ಯ ದಿನಕ್ಕೆ ಕಾಲು ಕೆಜಿ ಹಿಟ್ಟಿನ ಮುದ್ದೆ ಉಂಡರೆ ವರ್ಷಕ್ಕೆ ಸುಮಾರು 90 ಕೆಜಿ. ಅಂದರೆ ಒಂದು ಎಕರೆ ಹೊಲ ಎಂಟು ಜನಕ್ಕೆ ವರ್ಷ ಪೂರ್ತಿ ಮುದ್ದೆ ಹಾಕುತ್ತೆ. ನಮ್ಮಪ್ಪ ಮಾರಿದ 2 ಎಕರೆ 10 ಗುಂಟೆ ಇಪ್ಪತ್ತು ಜನರ ಮುದ್ದೆ. ಅಲ್ಲೀಗ ಸೈಟುಗಳಿವೆ, ಅರ್ಧಕ್ಕರ್ಧ ಖಾಲಿ. ಮಧ್ಯೆ ಒಂದು ಕಮಾನು ನಿಂತಿದೆ.

ಆದರೆ ನಾನು ಹೇಳಬೇಕು ಅಂದುಕೊಂಡಿರೋ ಮುಖ್ಯ ಮಾತು ಇದಲ್ಲ. ರಾಗಿ ಹೊಲದಲ್ಲಿ ರಾಗಿ ಮಾತ್ರ ಬೆಳೀತಿರಲಿಲ್ಲ. ಅಕ್ಕಡಿ ಸಾಲು ಅಂತ ಇರ್ತಿತ್ತು. ಅಪ್ಪ ಕೂರಿಗೆ ಹಿಡಿದು ಹೋಗ್ತಿದ್ದರೆ, ಅಮ್ಮ ಹಿಂದೆ ಮಡಿಲಲ್ಲಿ ಕಾಳು ಕಟ್ಕೊಂಡು ಬಿಡ್ತಾ ನಡೀತಿದ್ದಳು. ಎಂಟೋ ಹತ್ತೋ ಸಾಲು ರಾಗಿಗೆ ಒಂದು ಸಾಲು ಅವರೆ ಇಲ್ಲಾ ತೊಗರಿ. ಅದರ ಜೊತೆಗೆ ಹುಚ್ಚೆಳ್ಳು, ಅಲಸಂದೆ. ಅಂಚಿಗೆ ಜೋಳ, ಅಲ್ಲಲ್ಲಿ ಸಾಸಿವೆ, ಹರಳು. ಕಳೆ ಕೀಳೋಕೆ ಹೋದ ಹೆಂಗಸರು ಬರುವಾಗ ಸೆರಗಿನ ತುಂಬ ಸೊಪ್ಪು ತರ್ತಿದ್ದರು. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಏನು ಸಿಕ್ಕರೆ ಅದು. ಅದನ್ನ ಯಾರೂ ಬಿತ್ತಿರಲಿಲ್ಲ, ಯಾರೂ ತೂಕ ಹಾಕ್ತಿರಲಿಲ್ಲ.

ಮುದ್ದೆಗೆ ರಾಗಿ, ಸಾರಿಗೆ ಅವರೆ, ತೊಗರಿ. ಎಣ್ಣೆಗೆ, ಚಟ್ನಿ ಪುಡಿಗೆ ಹುಚ್ಚೆಳ್ಳು. ಒಗ್ಗರಣೆಗೆ ಸಾಸಿವೆ. ರಾಗಿ ಹುಲ್ಲಿನ ಬಣವೆ ಇಡೀ ವರ್ಷ ಹಸುಗಳ ಹೊಟ್ಟೆ ತುಂಬ್ತಿತ್ತು. ಆ ಹಸುವಿನ ಹಾಲು ಡೇರಿಗೆ ಹೋಗಿ, ಅಲ್ಲಿಂದ ಬೆಂಗಳೂರಿಗೆ. ನೀವು ಬೆಳಿಗ್ಗೆ ಕುಡಿಯೋ ಕಾಫಿಗೂ ರಾಗಿ ಹೊಲಕ್ಕೂ ಸಂಬಂಧ ಇದೆ. ಹೊಲ ಹೋದರೆ ಮೊದಲು ಹುಲ್ಲು ಹೋಗುತ್ತೆ, ಹುಲ್ಲು ಹೋದ ಮೇಲೆ ಹಸು ಮಾರ್ತಾರೆ, ಹಸು ಹೋದರೆ ಗೊಬ್ಬರ ಇಲ್ಲ, ಗೊಬ್ಬರ ಇಲ್ಲದೆ ಪಕ್ಕದ ಹೊಲವೂ ಸೊರಗುತ್ತೆ. ನಮ್ಮ ಊರಲ್ಲಿ ಇದನ್ನ ಈ ಕ್ರಮದಲ್ಲೇ ನಾನು ನೋಡಿದ್ದೀನಿ.

ಈಗ ದೇಶದ ಲೆಕ್ಕ. ಭಾರತದಲ್ಲಿ ಬಿತ್ತನೆಯಾಗೋ ನಿವ್ವಳ ಜಮೀನು ದಶಕಗಳಿಂದ ಸುಮಾರು 14 ಕೋಟಿ ಹೆಕ್ಟೇರ್ ಆಸುಪಾಸಿನಲ್ಲೇ ಇದೆ. ಆಹಾರ ಧಾನ್ಯ 1950-51ರಲ್ಲಿ ಸುಮಾರು 5 ಕೋಟಿ ಟನ್ ಇದ್ದದ್ದು 2023-24ರಲ್ಲಿ 33 ಕೋಟಿ ಟನ್ ದಾಟಿದೆ. ಇದನ್ನ ಹಿಡ್ಕೊಂಡು "ಎಲ್ಲಿದೆ ರೀ ಸಮಸ್ಯೆ? ಒಂದಷ್ಟು ಹೊಲ ಹೋದರೂ ಇಳುವರಿ ಜಾಸ್ತಿ ಆಗಿದೆಯಲ್ಲ" ಅನ್ನೋರಿದ್ದಾರೆ. ಅವರ ಅಂಕಿ ಸುಳ್ಳಲ್ಲ. ಆದರೆ ಆ 33 ಕೋಟಿಯಲ್ಲಿ ಬಹುಪಾಲು ಅಕ್ಕಿ ಮತ್ತು ಗೋಧಿ. ಅದೇ ದೇಶ ತನಗೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನ ಹೊರಗಿಂದ ತರಿಸುತ್ತೆ. ತೊಗರಿಯೂ ಆಫ್ರಿಕಾದ ದೇಶಗಳಿಂದ, ಮ್ಯಾನ್ಮಾರ್‌ನಿಂದ ಹಡಗಲ್ಲಿ ಬರುತ್ತೆ. ನಮ್ಮ ಅಕ್ಕಡಿ ಸಾಲಲ್ಲಿ ಇದ್ದದ್ದು ಇವೇ: ಬೇಳೆ ಮತ್ತು ಎಣ್ಣೆಕಾಳು. ದೇಶಕ್ಕೆ ಯಾವುದು ಕಡಿಮೆ ಬಿದ್ದಿದೆಯೋ ಅದನ್ನ ಬೆಳೀತಿದ್ದ ಹೊಲವನ್ನೇ ನಾವು ಸೈಟು ಮಾಡ್ತಾ ಇದ್ದೀವಿ.

ಇನ್ನೊಂದು ವಿಷಯ. ಪಂಜಾಬಿನ ಗೋಧಿ ಗೋದಾಮಿನಲ್ಲಿ ಕಾಯುತ್ತೆ, ಸೊಪ್ಪು ಕಾಯಲ್ಲ. ಕೊತ್ತಂಬರಿ, ಹುರುಳಿಕಾಯಿ, ಟೊಮೆಟೊ, ಹಾಲು ಇವೆಲ್ಲ ಊರಿನ ಹತ್ತಿರವೇ ಬೆಳೀಬೇಕು. ಆ ಕಾರಣಕ್ಕೇ ಹಳೇ ಕಾಲದಿಂದ ಬೆಂಗಳೂರಿನ ಸುತ್ತ ತರಕಾರಿ ತೋಟ, ದ್ರಾಕ್ಷಿ ತೋಟ, ಹೂವಿನ ಹೊಲ ಬೆಳೆದು ನಿಂತಿದ್ದು. ಬೆಂಗಳೂರು ನೀಲಿ ದ್ರಾಕ್ಷಿ, ಬೆಂಗಳೂರು ಗುಲಾಬಿ ಈರುಳ್ಳಿ, ದೇವನಹಳ್ಳಿ ಚಕ್ಕೋತ, ಮೂರಕ್ಕೂ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ. ಅಂದರೆ ಈ ಮಣ್ಣಲ್ಲಿ ಬಂದ ಹಾಗೆ ಬೇರೆ ಕಡೆ ಬರಲ್ಲ ಅಂತ ಸರ್ಕಾರವೇ ಒಪ್ಪಿಕೊಂಡ ಹಾಗೆ. ಆದರೆ ಮಾನ್ಯತೆ ಹಣ್ಣಿಗೆ ಸಿಕ್ಕಿದೆ, ಹಣ್ಣು ಬಿಡೋ ನೆಲಕ್ಕೆ ರಕ್ಷಣೆ ಸಿಕ್ಕಿಲ್ಲ. ನಾನು ಈಗಿರೋ ಅಪಾರ್ಟ್‌ಮೆಂಟ್ ಕೂಡ ಒಂದು ಕಾಲಕ್ಕೆ ದ್ರಾಕ್ಷಿ ತೋಟ ಆಗಿತ್ತಂತೆ. ನಮ್ಮ ಸೆಕ್ಯೂರಿಟಿ ತಾತ ಹೇಳಿದ್ದು. ಆ ತೋಟದಲ್ಲಿ ಕೂಲಿ ಮಾಡಿದವರು ಅವರು.

ದುಡ್ಡಿದ್ದರೆ ಎಲ್ಲಿಂದಾದರೂ ತರಬಹುದಾ?

"ಹೊಲ ಹೋದರೆ ದುಡ್ಡು ಬರುತ್ತೆ, ದುಡ್ಡಿದ್ದರೆ ಊಟ ಎಲ್ಲಿಂದಾದರೂ ಬರುತ್ತೆ." ಈ ವಾದವನ್ನ ನಾನೂ ನಂಬಿದ್ದೆ. 2023ರಲ್ಲಿ ಆದದ್ದನ್ನ ನೋಡಿದ ಮೇಲೆ ಆ ನಂಬಿಕೆ ಅಲುಗಾಡಿತು.

ನೆನಪಿರಬಹುದು, ಆ ವರ್ಷ ಹೊಸ ಸರ್ಕಾರ ಬಂದು ಅನ್ನಭಾಗ್ಯದಲ್ಲಿ ತಲೆಗೆ ಇನ್ನೂ 5 ಕೆಜಿ ಅಕ್ಕಿ ಸೇರಿಸಿ 10 ಕೆಜಿ ಕೊಡ್ತೀವಿ ಅಂದಿತ್ತು. ಅದೇ ಜೂನ್ ತಿಂಗಳಲ್ಲಿ ಕೇಂದ್ರ ಸರ್ಕಾರ ತನ್ನ ದಾಸ್ತಾನಿನ ಅಕ್ಕಿಯನ್ನ ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯಗಳಿಗೆ ಮಾರೋದನ್ನ ನಿಲ್ಲಿಸಿತು. ಕೆಜಿಗೆ 34 ರೂಪಾಯಿ ಕೊಡೋಕೆ ರಾಜ್ಯ ಸಿದ್ಧ ಇತ್ತು. ಬೇರೆ ರಾಜ್ಯಗಳನ್ನೂ ಕೇಳಿತು. ಬೇಕಾದಷ್ಟು ಅಕ್ಕಿ ಸಿಗಲಿಲ್ಲ. ಕೊನೆಗೆ ಜುಲೈನಿಂದ ಅಕ್ಕಿಯ ಬದಲು ತಲೆಗೆ ತಿಂಗಳಿಗೆ 170 ರೂಪಾಯಿ ಖಾತೆಗೆ ಹಾಕಿದರು. ಯಾರು ಸರಿ, ಯಾರು ತಪ್ಪು ಅನ್ನೋ ರಾಜಕೀಯ ಜಗಳಕ್ಕೆ ನಾನು ಹೋಗಲ್ಲ. ನನಗೆ ಕಂಡಿದ್ದು ಇಷ್ಟೇ: ಒಂದು ಇಡೀ ರಾಜ್ಯ ಸರ್ಕಾರ ಕೈಯಲ್ಲಿ ದುಡ್ಡು ಹಿಡ್ಕೊಂಡು ನಿಂತಿತ್ತು, ಅಕ್ಕಿ ಬರಲಿಲ್ಲ.

ಅದೇ ಜುಲೈನಲ್ಲಿ ಬೆಂಗಳೂರಲ್ಲಿ ಟೊಮೆಟೊ ಕೆಜಿಗೆ 100 ರೂಪಾಯಿ ದಾಟಿತು. ಅದೇ ತಿಂಗಳು 20ನೇ ತಾರೀಕು ಭಾರತ ಬಾಸುಮತಿ ಅಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಅಮೆರಿಕದಲ್ಲಿರೋ ನಮ್ಮ ಜನ ಸೋನಾ ಮಸೂರಿ ಮೂಟೆಗಾಗಿ ಇಂಡಿಯನ್ ಸ್ಟೋರ್‌ಗಳ ಮುಂದೆ ಸಾಲು ನಿಂತ ವಿಡಿಯೊಗಳು ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ಡಾಲರ್ ಸಂಬಳ ಇದ್ದವರ ಕಥೆ ಅದು. ಆ ವರ್ಷ ನಮ್ಮ ರಾಜ್ಯದಲ್ಲಿ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆ ಆದವು.

ಕೊರತೆ ಬಂದಾಗ ಪ್ರತಿಯೊಬ್ಬರೂ ಮೊದಲು ತಮ್ಮ ಮನೆ ನೋಡ್ಕೋತಾರೆ. ದೇಶವೂ ಹಾಗೇ, ರಾಜ್ಯವೂ ಹಾಗೇ. ಅದು ತಪ್ಪೂ ಅಲ್ಲ. ಹಾಗಾದರೆ ನಮ್ಮ ಮನೆಯಲ್ಲಿ ಏನಿದೆ ಅಂತ ನಾವು ನೋಡ್ಕೋಬೇಕಲ್ವಾ? ಅಜ್ಜಿಯ ಹಗೇವಿನ ಲೆಕ್ಕ ಅದೇ.

ಕಾನೂನಿನಲ್ಲಿ ಒಂದು ಸೆಕ್ಷನ್ ಇದೆ

2013ರ ಸೆಪ್ಟೆಂಬರ್‌ನಲ್ಲಿ, ಒಂದೇ ತಿಂಗಳಲ್ಲಿ, ಎರಡು ದೊಡ್ಡ ಕಾಯ್ದೆಗಳಿಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಒಂದು, ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ. ರೇಷನ್ ಅಕ್ಕಿ, ಗೋಧಿಯನ್ನ ಹಕ್ಕು ಅಂತ ಮಾಡಿದ ಕಾಯ್ದೆ ಅದು. ಎರಡನೆಯದು ಹೊಸ ಭೂಸ್ವಾಧೀನ ಕಾಯ್ದೆ, ಬ್ರಿಟಿಷರ 1894ರ ಕಾಯ್ದೆಯ ಜಾಗಕ್ಕೆ ಬಂದದ್ದು.

ಈ ಎರಡನೆಯದರಲ್ಲಿ 10ನೇ ಸೆಕ್ಷನ್ ಇದೆ. ಅದರ ತಲೆಬರಹವೇ ಆಹಾರ ಭದ್ರತೆ ಕಾಪಾಡೋ ವಿಶೇಷ ಅವಕಾಶ ಅಂತ. ನೀರಾವರಿ ಇದ್ದು ಒಂದಕ್ಕಿಂತ ಹೆಚ್ಚು ಬೆಳೆ ತೆಗೆಯೋ ಜಮೀನನ್ನ ಸ್ವಾಧೀನ ಮಾಡ್ಕೋಬಾರದು. ಬೇರೆ ದಾರಿಯೇ ಇಲ್ಲ ಅಂದಾಗ ಮಾತ್ರ, ಅದೂ ರಾಜ್ಯ ಸರ್ಕಾರ ಹಾಕಿದ ಮಿತಿಯೊಳಗೆ. ಮಾಡಿಕೊಂಡರೆ ಅಷ್ಟೇ ವಿಸ್ತೀರ್ಣದ ಬೀಳು ಭೂಮಿಯನ್ನ ಬೇಸಾಯಕ್ಕೆ ತಯಾರು ಮಾಡಿಕೊಡಬೇಕು. ಮಳೆಯಾಶ್ರಿತ ಜಮೀನಿಗೂ ಜಿಲ್ಲೆಗೆ ಇಷ್ಟು ಅಂತ ಒಂದು ಮಿತಿ ಇರಬೇಕು. ಓದಿದಾಗ ಸಮಾಧಾನ ಆಗುತ್ತೆ. ಆದರೆ ಅದರಲ್ಲೇ ಒಂದು ಕಿಂಡಿ ಇದೆ. ಬೀಳು ಭೂಮಿ ತಯಾರು ಮಾಡೋ ಬದಲು, ಹೋದ ಜಮೀನಿನ ಬೆಲೆಯಷ್ಟು ದುಡ್ಡನ್ನ ಕೃಷಿ ಅಭಿವೃದ್ಧಿಗೆ ಅಂತ ಸರ್ಕಾರದಲ್ಲಿ ಠೇವಣಿ ಇಟ್ಟರೂ ಆಗುತ್ತೆ. ಮತ್ತೆ ಅದೇ ಕಥೆ ನೋಡಿ, ಹೊಲದ ಬದಲು ದುಡ್ಡು. ರೈಲ್ವೆ, ಹೆದ್ದಾರಿ, ಕಾಲುವೆ, ವಿದ್ಯುತ್ ಲೈನುಗಳಿಗೆ ಈ ಸೆಕ್ಷನ್ ಅನ್ವಯಿಸೋದೂ ಇಲ್ಲ.

ಅದಕ್ಕಿಂತ ದೊಡ್ಡ ವಿಷಯ ಏನಂದರೆ, ನಮ್ಮ ರಾಜ್ಯದಲ್ಲಿ ಕೈಗಾರಿಕೆಗೆ ಜಮೀನು ತಗೊಳ್ಳೋದು ಬಹುಪಾಲು ಆ ಕಾಯ್ದೆಯಲ್ಲಿ ಅಲ್ಲವೇ ಅಲ್ಲ. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ ಇದೆ, ನಾವೆಲ್ಲ ಕೆಐಎಡಿಬಿ ಅಂತೀವಲ್ಲ, ಅದು ನಡೆಯೋದು ಈ ಕಾಯ್ದೆಯ ಮೇಲೆ. ಅದರ 28ನೇ ಸೆಕ್ಷನ್ ಪ್ರಕಾರ ನೋಟಿಫಿಕೇಶನ್ ಹೊರಡುತ್ತೆ. ಅದು 2013ರ ಕಾಯ್ದೆಗಿಂತ 47 ವರ್ಷ ಹಳೆಯದು. ಆಹಾರ ಭದ್ರತೆಯ ಮಾತು ಅದರಲ್ಲಿ ಇಲ್ಲ.

ಇನ್ನು ಖಾಸಗಿ ಮಾರಾಟ. 2020ರವರೆಗೆ ನಮ್ಮ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಸೆಕ್ಷನ್‌ಗಳು ಕೃಷಿಕರಲ್ಲದವರು, ಕೃಷಿಯೇತರ ಆದಾಯ ಮಿತಿ ಮೀರಿದವರು ಹೊಲ ಕೊಳ್ಳೋದನ್ನ ತಡೀತಿದ್ದವು. ಅದರ ಸುತ್ತ ಭ್ರಷ್ಟಾಚಾರವೂ ಇತ್ತು, ಸುಳ್ಳು ದಾಖಲೆಗಳೂ ಇದ್ದವು, ನಿಜ. ಆದರೆ ಒಂದು ಬೇಲಿ ಅಂತ ಇತ್ತು. 2020ರ ತಿದ್ದುಪಡಿ ಆ ಬೇಲಿಯನ್ನ ಕಿತ್ತು ಹಾಕಿತು. ಬೇಲಿಯಲ್ಲಿ ತೂತು ಬಿದ್ದಿದ್ದರೆ ತೂತು ಮುಚ್ಚಬೇಕಿತ್ತು ಅನ್ನೋದು ನನ್ನ ಅನಿಸಿಕೆ.

ಚನ್ನರಾಯಪಟ್ಟಣದ ಜನ

ಇಲ್ಲಿ ನಾನು ನಮ್ಮದೇ ತಾಲ್ಲೂಕಿನ ಜನರ ಬಗ್ಗೆ ಹೇಳದೆ ಮುಂದೆ ಹೋಗಲ್ಲ. ಚನ್ನರಾಯಪಟ್ಟಣ ಅಂದರೆ ಹಾಸನ ಜಿಲ್ಲೆಯದ್ದಲ್ಲ, ದೇವನಹಳ್ಳಿ ತಾಲ್ಲೂಕಿನ ಹೋಬಳಿ. ಅಲ್ಲಿಯ 13 ಹಳ್ಳಿಗಳ 1,777 ಎಕರೆಯನ್ನ ಏರೋಸ್ಪೇಸ್ ಪಾರ್ಕ್‌ಗೆ ಅಂತ ಗುರುತಿಸಿದ್ದರು. 2022ರ ಏಪ್ರಿಲ್ 4ರಂದು ರೈತರು ಧರಣಿ ಕೂತರು. ಮೂರು ವರ್ಷಕ್ಕಿಂತ ಹೆಚ್ಚು ಕಾಲ ಕೂತರು. ಬೇಸಾಯ ಬಿಟ್ಟು ಕೂರಲಿಲ್ಲ. ಬೆಳಿಗ್ಗೆ ಹಾಲು ಹಾಕಿ, ಹೊಲ ನೋಡಿಕೊಂಡು, ಸರದಿ ಪ್ರಕಾರ ಬಂದು ಕೂರ್ತಿದ್ದರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ಸ್ವಾಧೀನ ಕೈಬಿಡ್ತೀವಿ ಅಂತ ಪ್ರಕಟಿಸಿದರು. ಸ್ವ ಇಚ್ಛೆಯಿಂದ ಕೊಡೋರು ಕೊಡಬಹುದು ಅಂತಲೂ ಹೇಳಿದರು.

ನಾನು ಮೊದಲು ಹೇಳಿದ ಕೈ ಲೆಕ್ಕವನ್ನೇ ಇಲ್ಲಿ ಹಾಕಿ ನೋಡೋಣ. ಅಷ್ಟೂ ಜಮೀನಿಗೆ ರಾಗಿ ಹಾಕಿದ್ದಾರೆ ಅಂತ ಅಂದ್ಕೊಳ್ಳಿ. ಎಕರೆಗೆ 8 ಕ್ವಿಂಟಲ್‌ನಂತೆ 14 ಸಾವಿರ ಕ್ವಿಂಟಲ್ ದಾಟುತ್ತೆ. ಹದಿನೈದು ಸಾವಿರಕ್ಕೂ ಹೆಚ್ಚು ಜನಕ್ಕೆ ಒಂದು ವರ್ಷದ ಮುದ್ದೆ. ನಿಜದಲ್ಲಿ ಅಲ್ಲಿ ರಾಗಿ ಮಾತ್ರ ಇಲ್ಲ. ತರಕಾರಿ, ಹೂವು, ದ್ರಾಕ್ಷಿ, ಹಿಪ್ಪುನೇರಳೆ ಎಲ್ಲ ಇದೆ. ಬೋರ್‌ವೆಲ್ ಇದ್ದ ಕಡೆ ವರ್ಷಕ್ಕೆ ಎರಡು ಮೂರು ಬೆಳೆ. ಅದನ್ನ ಉಳಿಸಿದ್ದು ನಮ್ಮ ಊಟವನ್ನೂ ಉಳಿಸಿದ ಹಾಗೆ ಅಂತ ಬೆಂಗಳೂರಲ್ಲಿ ಎಷ್ಟು ಜನಕ್ಕೆ ಅನಿಸಿತೋ ಗೊತ್ತಿಲ್ಲ. ಟಿವಿಯಲ್ಲಿ ಬಂದದ್ದು ಕೈಗಾರಿಕೆ ಪಕ್ಕದ ರಾಜ್ಯಕ್ಕೆ ಹೋಗುತ್ತಾ ಅನ್ನೋ ಚರ್ಚೆಯೇ ಹೆಚ್ಚು.

ಹೊಲ ಹೋದಾಗ ಯಾರಿಗೆ ಏನು ಸಿಗುತ್ತೆ ಅನ್ನೋದನ್ನೂ ನೋಡಬೇಕು. ಪಹಣಿಯಲ್ಲಿ ಹೆಸರಿದ್ದವರಿಗೆ ಪರಿಹಾರ ಬರುತ್ತೆ. ಗುತ್ತಿಗೆಗೆ ಮಾಡ್ತಿದ್ದವರಿಗೆ, ಬಗರ್‌ಹುಕುಂ ಅರ್ಜಿ ಹಾಕಿ ಕಾಯ್ತಾ ಇರೋರಿಗೆ ಕಾಗದವೇ ಇರಲ್ಲ. ಕಳೆ ಕೀಳೋ ಹೆಂಗಸರಿಗಂತೂ ಏನೂ ಇಲ್ಲ. ನಮ್ಮ ಹೊಲ ಹೋದಾಗ ಅಪ್ಪನಿಗೆ ಚೆಕ್ ಬಂತು. ಪ್ರತಿ ವರ್ಷ ನಮ್ಮಲ್ಲಿ ಕುಯಿಲಿಗೆ ಬಂದು ಕೂಲಿಗೆ ರಾಗಿಯನ್ನೇ ತಗೊಂಡು ಹೋಗ್ತಿದ್ದ ಇಬ್ಬರು ಅಕ್ಕಂದಿರಿದ್ದರು. ಅವರಿಗೆ ಏನೂ ಬರಲಿಲ್ಲ. ಅವರ ಮನೆಯ ಆರು ತಿಂಗಳ ಮುದ್ದೆ ಅದು. ನಮ್ಮ ಮನೆಯಲ್ಲಿ ಆಗ ಯಾರಿಗೂ ಅದು ಹೊಳೆಯಲಿಲ್ಲ. ನನಗೂ ಹೊಳೆದದ್ದು ತೀರಾ ಈಚೆಗೆ.

ರೈತ ಯಾಕೆ ಮಾರ್ತಾನೆ?

ಇಷ್ಟೆಲ್ಲ ನಾನು ಅಣ್ಣನಿಗೂ ಫೋನಲ್ಲಿ ಹೇಳೋಕೆ ಹೋದೆ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಒಂದೇ ಮಾತು ಕೇಳಿದ. "ಸರಿ ಕಣಪ್ಪ. ನೀನು ಬಂದು ಉಳ್ತೀಯಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ.

ಅವನ ಲೆಕ್ಕ ನೋಡಿ. 2025-26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ. 8 ಕ್ವಿಂಟಲ್ ಅಂದರೆ 39 ಸಾವಿರ ಚಿಲ್ಲರೆ. ಅದರಲ್ಲಿ ಉಳುಮೆಯ ಟ್ರ್ಯಾಕ್ಟರ್ ಬಾಡಿಗೆ, ಬೀಜ, ಗೊಬ್ಬರ, ಕೂಲಿ, ಕುಯಿಲು, ಒಕ್ಕಣೆ ಎಲ್ಲ ಕಳೀಬೇಕು. ಮಳೆ ಕೈಕೊಟ್ಟರೆ ಅದೂ ಇಲ್ಲ. ಅದೇ ಎಕರೆಗೆ ಬ್ರೋಕರ್ ಹೇಳೋ ರೇಟು ಕೋಟಿಗಳಲ್ಲಿ. ಅಣ್ಣನ ಜೀವಮಾನ ಪೂರ್ತಿ ರಾಗಿ ಬೆಳೆದರೂ ಆ ದುಡ್ಡು ಕಾಣಲ್ಲ. ಅವನಿಗೆ ಮೊಣಕಾಲು ನೋವು, ಮಗಳ ಕಾಲೇಜು ಫೀಸು ಬೇರೆ. ಸುತ್ತ ನಾಲ್ಕೂ ಕಡೆ ಲೇಔಟ್ ಆಗಿ, ಹೊಲಕ್ಕೆ ಟ್ರ್ಯಾಕ್ಟರ್ ಹೋಗೋ ಬಂಡಿದಾರಿಯನ್ನೇ ಯಾರೋ ಕಾಂಪೌಂಡ್ ಒಳಗೆ ಸೇರಿಸಿಕೊಂಡಿದ್ದಾರೆ. ಮಳೆ ನೀರು ಕೆರೆಗೆ ಹೋಗ್ತಿದ್ದ ಕಾಲುವೆ ಮುಚ್ಚಿ ಹೋಗಿ, ಜೋರು ಮಳೆ ಬಂದರೆ ನಮ್ಮ ಹೊಲದಲ್ಲೇ ನೀರು ನಿಲ್ಲುತ್ತೆ. ಅರ್ಜಿ ಕೊಟ್ಟು ಕೊಟ್ಟು ಅವನಿಗೂ ಸಾಕಾಗಿದೆ. ಒಂದು ಹೊಲ ಉಳೀಬೇಕು ಅಂದರೆ ಅಕ್ಕಪಕ್ಕದ ನಾಲ್ಕು ಹೊಲ ಉಳಿದಿರಬೇಕು. ಒಂಟಿ ಹೊಲ ಬಹಳ ದಿನ ಬಾಳಲ್ಲ.

ಹಾಗಾಗಿ ಮಾರೋ ರೈತನಿಗೆ ಬೈಯ್ಯೋದು ಸುಲಭ, ಆದರೆ ನ್ಯಾಯ ಅಲ್ಲ. ಹೊಲ ಉಳಿಸೋ ಭಾರವನ್ನ ಅವನೊಬ್ಬನ ಮೇಲೆ ಹೊರಿಸಿ, ಅದರ ಲಾಭವನ್ನ ಊರೆಲ್ಲ ತಗೊಳ್ಳೋ ಹಾಗಿಲ್ಲ.

ಹಾಗಾದರೆ ಏನು ಮಾಡಬಹುದು?

ನನಗೆ ತೋಚಿದ ನಾಲ್ಕು ವಿಷಯ ಹೇಳ್ತೀನಿ. ನಾನು ಪರಿಣಿತ ಅಲ್ಲ, ಹೊಲ ಕಂಡ ಒಬ್ಬ ಮನುಷ್ಯ ಅಷ್ಟೇ.

ಮೊದಲನೆಯದು, ಲೆಕ್ಕ. ಒಂದು ಹಳ್ಳಿಯ ಜಮೀನನ್ನ ಸ್ವಾಧೀನಕ್ಕೆ ಇಲ್ಲವೇ ಭೂ ಪರಿವರ್ತನೆಗೆ ತಗೊಳ್ಳೋ ಮುಂಚೆ, ಅಲ್ಲಿಂದ ವರ್ಷಕ್ಕೆ ಎಷ್ಟು ಕ್ವಿಂಟಲ್ ಧಾನ್ಯ, ಎಷ್ಟು ತರಕಾರಿ, ಎಷ್ಟು ಲೀಟರ್ ಹಾಲು ಬರ್ತಿದೆ ಅನ್ನೋ ಪಟ್ಟಿಯನ್ನ ಗ್ರಾಮಸಭೆ ಮುಂದೆ ಓದಬೇಕು. ಹೂಡಿಕೆ ಎಷ್ಟು ಕೋಟಿ, ಉದ್ಯೋಗ ಎಷ್ಟು ಸಾವಿರ ಅಂತ ದೊಡ್ಡದಾಗಿ ಹೇಳ್ತಾರಲ್ಲ, ಅದರ ಪಕ್ಕದಲ್ಲೇ ಇದನ್ನೂ ಬರೀಲಿ. ಡೇರಿಯ ಪುಸ್ತಕದಲ್ಲಿ, ಬೆಳೆ ಸಮೀಕ್ಷೆಯಲ್ಲಿ ಈ ಮಾಹಿತಿ ಆಗಲೇ ಇದೆ. ಹುಡುಕಿ ಕೂಡಿಸಬೇಕು, ಅಷ್ಟೇ.

ಎರಡನೆಯದು, ಹೊಸ ಹೊಲಕ್ಕೆ ಕೈ ಹಾಕೋ ಮುಂಚೆ ಆಗಲೇ ತಗೊಂಡಿರೋದನ್ನ ಬಳಸಬೇಕು. ಸ್ವಾಧೀನ ಆಗಿ, ಬೇಲಿ ಹಾಕಿ, ಲಂಟಾನ ಬೆಳೆದು ನಿಂತಿರೋ ಜಮೀನನ್ನ ನೀವೂ ನೋಡಿರ್ತೀರ. ಖಾಲಿ ಸೈಟುಗಳಂತೂ ಲೆಕ್ಕವಿಲ್ಲ. ಬರಡು ನೆಲದಲ್ಲೂ ಕಾರ್ಖಾನೆ ನಿಲ್ಲುತ್ತೆ, ಮೂರು ಬೆಳೆಯ ನೆಲವೇ ಬೇಕು ಅಂತೇನಿಲ್ಲ. ರಾಗಿಗೆ, ಅವರೆಗೆ ಆ ಆಯ್ಕೆ ಇಲ್ಲ.

ಮೂರನೆಯದು, ಹೊಲಗಳನ್ನ ಗುಂಪಾಗಿ ಉಳಿಸೋದು. ಒಂಟಿ ಹೊಲ ಬಾಳಲ್ಲ ಅಂದೆನಲ್ಲ, ಅದಕ್ಕೆ. ಒಂದು ಕೆರೆಯ ಅಚ್ಚುಕಟ್ಟು, ಅದರ ಕಾಲುವೆ, ಬಂಡಿದಾರಿ ಇಷ್ಟನ್ನ ಒಟ್ಟಿಗೆ ಕೃಷಿ ವಲಯ ಅಂತ ಗುರುತು ಮಾಡಿ, ಅದರೊಳಗೆ ಪರಿವರ್ತನೆ ಇಲ್ಲ ಅನ್ನಬೇಕು. ಬೆಂಗಳೂರಿನ ನಗರ ಯೋಜನೆಯಲ್ಲಿ ಹಸಿರು ವಲಯ ಅಂತ ಹಿಂದಿನಿಂದಲೂ ಇದೆ. ನಕ್ಷೆಯಲ್ಲಿ ಬಣ್ಣ ಹಚ್ಚಿದರೆ ಸಾಲದು, ಅದರೊಳಗಿರೋ ರೈತನಿಗೆ ಬದುಕೋಕೆ ದಾರಿ ಬೇಕು.

ಅದೇ ನಾಲ್ಕನೆಯದು. ಪರಿವರ್ತನೆ ಬೇಡ ಅಂತ ರೈತನ ಕೈ ಕಟ್ಟಿದರೆ, ಅದರ ಬೆಲೆಯನ್ನ ನಗರ ಕೊಡಬೇಕು. ರೇಷನ್ ಅಂಗಡಿಗೆ, ಅಂಗನವಾಡಿಗೆ, ಶಾಲೆಯ ಬಿಸಿಯೂಟಕ್ಕೆ ಬೇಕಾದ ರಾಗಿ, ತೊಗರಿ, ತರಕಾರಿಯನ್ನ ಅದೇ ಜಿಲ್ಲೆಯ ರೈತರಿಂದ ಮೊದಲೇ ಬೆಲೆ ಮಾತಾಡಿ ಕೊಳ್ಳಬಹುದು. ಹೊಲ ಉಳಿಸಿದ್ದಕ್ಕೆ ಎಕರೆಗೆ ಇಷ್ಟು ಅಂತ ವರ್ಷ ವರ್ಷ ಕೊಡಬಹುದು. ಕೆರೆ ತುಂಬಿಸೋದು, ಅಂತರ್ಜಲ ಇಂಗಿಸೋದು, ಊರಿಗೆ ತಂಪು ಕೊಡೋದು, ಇದೆಲ್ಲ ಹೊಲ ಬಿಟ್ಟಿಯಾಗಿ ಮಾಡ್ತಿರೋ ಕೆಲಸ. ಅದಕ್ಕೆ ಕೂಲಿ ಕೊಟ್ಟರೆ ಏನು ತಪ್ಪು?

ಭಾನುವಾರ

ಈ ಕಂತು ನಿಮಗೆ ತಲುಪೋ ಹೊತ್ತಿಗೆ ನಾನು ಊರಿಗೆ ಹೋಗಿ ಬಂದಿರ್ತೀನಿ. ಈಗ ಮಾತಾಡ್ತಾ ಇರೋದು ಶುಕ್ರವಾರ ರಾತ್ರಿ. ರುಜು ಹಾಕಲ್ಲ ಅಂತ ಎದೆ ತಟ್ಟಿ ಹೇಳೋ ಹಕ್ಕು ನನಗಿಲ್ಲ. ಊರಲ್ಲಿದ್ದು ಅಪ್ಪನನ್ನ ನೋಡಿಕೊಂಡವನು ಅಣ್ಣ. ನಾನು ತಿಂಗಳ ಸಂಬಳದವನು, ನನಗೆ ಹೊಲ ನೆನಪು, ಅವನಿಗೆ ಹೊಲ ಬೆನ್ನುನೋವು.

ಆದರೆ ಬರಿಗೈಯಲ್ಲಿ ಹೋಗ್ತಾ ಇಲ್ಲ. ಒಂದು ಮಾತು ಇಟ್ಕೊಂಡು ಹೋಗ್ತಿದ್ದೀನಿ. ನನ್ನ ಪಾಲಿನ 25 ಗುಂಟೆಯನ್ನ ಮಾರೋದು ಬೇಡ. ಪಕ್ಕದ ಹೊಲದ ಹುಡುಗನೊಬ್ಬ ಇನ್ನೂ ಬೇಸಾಯ ಬಿಟ್ಟಿಲ್ಲ, ಅವನಿಗೆ ಗುತ್ತಿಗೆಗೆ ಕೊಡೋಣ, ಗುತ್ತಿಗೆ ಹಣ ಬೇಡ, ರಾಗಿ ಕೊಡಲಿ. ಮಗಳ ಫೀಸಿನ ವಿಷಯ ನಾನು ನೋಡ್ಕೋತೀನಿ. ಬಂಡಿದಾರಿ ವಿಷಯಕ್ಕೆ ತಾಲ್ಲೂಕು ಕಚೇರಿಗೆ ಇನ್ನು ಮೇಲೆ ನಾನು ಓಡಾಡ್ತೀನಿ. ಅಣ್ಣನ ಪಾಲು ಅಣ್ಣನ ಇಷ್ಟ. ಅವನು ಒಪ್ತಾನೋ ಇಲ್ವೋ ನೋಡಬೇಕು. ಪಾರ್ಟಿಗೆ ಪೂರ್ತಿ ಜಮೀನೇ ಬೇಕಂತೆ, ಅರ್ಧ ಬೇಡವಂತೆ. ಹಾಗಾದರೆ ಜಗಳ ಆದರೂ ಆಗಬಹುದು.

ಅಮ್ಮನಿಗೆ ಫೋನ್ ಮಾಡಿ ಈ ಯೋಚನೆ ಹೇಳಿದೆ. ಅವಳು ಹೌದು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ಅಕ್ಕಡಿಗೆ ಅವರೆ ಬಿಡೋಕೆ ಹೇಳು ಆ ಹುಡುಗನಿಗೆ. ಈಗಿನೋರು ಬರೀ ರಾಗಿ ಚೆಲ್ಲಿ ಸುಮ್ಮನಾಗ್ತಾರೆ" ಅಂದಳು.

ನಿಮ್ಮಲ್ಲೂ ಎಷ್ಟೋ ಜನಕ್ಕೆ ಊರಲ್ಲಿ ಜಂಟಿ ಖಾತೆಯ ಒಂದು ತುಂಡು ಹೊಲ ಇರುತ್ತೆ. ನೀವು ಬೆಂಗಳೂರಲ್ಲಿರಬಹುದು, ಪುಣೆಯಲ್ಲಿರಬಹುದು, ದುಬೈಯಲ್ಲಿರಬಹುದು. ಒಂದಲ್ಲ ಒಂದು ದಿನ ನಿಮಗೂ ಈ ಫೋನ್ ಬರುತ್ತೆ. ಮಾರಬೇಡಿ ಅಂತ ನಾನು ಹೇಳಲ್ಲ. ರುಜು ಹಾಕೋ ಮುಂಚೆ ಒಂದು ಸಲ ಊರಿಗೆ ಹೋಗಿ. ಆ ಹೊಲದಲ್ಲಿ ಈಗ ಯಾರು ದುಡೀತಿದ್ದಾರೆ, ಏನು ಬೆಳೀತಿದ್ದಾರೆ, ಅದನ್ನ ಯಾರು ಉಣ್ತಿದ್ದಾರೆ ಅಂತ ಕೇಳಿ. ನಮ್ಮಪ್ಪ ಮಾರುವಾಗ ಈ ಮೂರನ್ನ ಕೇಳೋರು ಯಾರೂ ಇರಲಿಲ್ಲ.

ಭಾನುವಾರ ಏನಾಯಿತು ಅಂತ ಮುಂದಿನ ಕಂತಿನಲ್ಲಿ ಹೇಳ್ತೀನಿ. ನಿಮ್ಮ ಊರಿನ ಹೊಲದ ಕಥೆ ಇದ್ದರೆ ನಮಗೂ ಬರೆದು ಕಳಿಸಿ. ಅಲ್ಲಿವರೆಗೆ, ನಮಸ್ಕಾರ.